ಎರಡನೇ ಸಲ ಕೇಳದ ಭಟ್ಟಿ

ಅತ್ತೆ ಹಿರಿಮಗನ ಮುಖ ನೋಡುವುದನ್ನೇ ಬಿಟ್ಟಿದ್ದರು. ಅವನು ಅಡುಗೆಮನೆಗೆ ಬಂದರೆ ಇವರು ಹೊರಗೆ ಹೋಗುವರು, ಅವನು ಹೊರಗಿನ ಕೋಣೆಗೆ ಬಂದರೆ ಗೋಡೆಯ ಕಡೆ ತಿರುಗಿ ಮಲಗಿಬಿಡುವರು. ಕಿರಿಮಗ ಸತ್ತು ತಿಂಗಳಾಗುತ್ತ ಬಂದಿತ್ತು. ಅವನನ್ನು ಕೊಂದದ್ದು ಅವನ ಅಣ್ಣನೇ ಎಂದು ಆ ತಾಯಿ ನಂಬಿ ಕೂತಿದ್ದರು. ಹೆಣ ಮನೆಗೆ ಬಂದ ದಿನ ಒಂದೇ ಒಂದು ಮಾತು ಕೇಳಿದ್ದರು: "ಗುಂಡಿ ಒತ್ತೋಕೆ ಮುಂಚೆ ಭಟ್ಟಿ ಒಳಗೆ ಒಂಚೂರು ಇಣುಕಿ ನೋಡೋಕೆ ನಿನಗೆ ಏನು ದೊಡ್ಡ ರೋಗ ಬಂದಿತ್ತೋ?" ಅಷ್ಟೇ. ಅಲ್ಲಿಂದ ಅವನ ಜೊತೆ ಮಾತು ಬಂದ್.

ನಡುವೆ ಸಿಕ್ಕಿ ಒದ್ದಾಡುತ್ತಿದ್ದವಳು ಸೊಸೆ, ಹಿರಿಮಗನ ಹೆಂಡತಿ. ಎರಡು ತಟ್ಟೆ ಎರಡು ಕಡೆ ಬಡಿಸುವವಳು ಅವಳು, ಎರಡನ್ನೂ ಹಾಗೇ ಎತ್ತಿ ಒಳಗಿಡುವವಳೂ ಅವಳೇ. ಗಂಡನನ್ನು ಕಾರ್ಖಾನೆಯವರು ಕೆಲಸದಿಂದ ಹೊರಗಿಟ್ಟಿದ್ದರು. ಅವನು ದಿನವಿಡೀ ಕುರ್ಚಿಯಲ್ಲಿ ಕೂತು ತನ್ನ ಬಲಗೈ ಹೆಬ್ಬೆರಳನ್ನೇ ನೋಡುತ್ತಿದ್ದ. ಗುಂಡಿ ಒತ್ತಿದ್ದು ಅದೇ ಬೆರಳು. ಮೊದಮೊದಲು, "ನಾನು ನೋಡಿದೀನಿ ಕಣೆ, ಒಳಗೆ ಯಾರೂ ಇಲ್ಲ ಅಂತ ಹಸಿರು ದೀಪ ಹತ್ತಿತ್ತು" ಎನ್ನುತ್ತಿದ್ದ. ವಾರ ಕಳೆದ ಮೇಲೆ, "ಹಸಿರೇ ಇತ್ತು ಅನ್ಸುತ್ತೆ, ಅಲ್ವಾ?" ಎಂದು, ಇವಳು ಅಲ್ಲೇ ಪಕ್ಕದಲ್ಲಿ ನಿಂತಿದ್ದಳೇನೋ ಅನ್ನುವ ಹಾಗೆ, ಇವಳನ್ನೇ ಕೇಳತೊಡಗಿದ. ಈಗೀಗ ಅದೂ ನಿಂತಿತ್ತು. ಸ್ನಾನದ ಮನೆಯಲ್ಲಿದ್ದ ಬ್ಲೇಡುಗಳನ್ನೆಲ್ಲ ಅವಳು ತನ್ನ ಕೈಚೀಲಕ್ಕೆ ಹಾಕಿಕೊಂಡೇ ಆಫೀಸಿಗೆ ಹೋಗುತ್ತಿದ್ದಳು. ಅತ್ತೆ ಒಂದು ಮಾತಾಡದೇ ಹೋದರೆ ಈ ಗಂಡಸು ಉಳಿಯುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಅವಳ ಆಫೀಸಿನ ವಿಷಯ ಇಲ್ಲಿ ಹೇಳಲೇಬೇಕು, ಯಾಕೆಂದರೆ ಎಲ್ಲ ಕರ್ಮ ಶುರುವಾದದ್ದು ಅಲ್ಲಿಂದಲೇ.

ಅದು ಕಾರ್ಖಾನೆಯ ಯಂತ್ರಗಳಿಗೆ ಪ್ರೋಗ್ರಾಮ್ ಬರೆದುಕೊಡುವ ಸಣ್ಣ ಕಂಪನಿ. ಬರೆಯುವುದಕ್ಕೆ ಅವರದೇ ಒಂದು ಪ್ರೋಗ್ರಾಮಿಂಗ್ ಭಾಷೆ ಇತ್ತು. ಅದನ್ನು ಕಟ್ಟಿದ್ದು ತಾತ. ತಾತ ಎನ್ನುವುದು ಆಫೀಸಿನವರು ಇಟ್ಟ ಹೆಸರು. ಮನುಷ್ಯನಿಗೆ ಅಂಥ ವಯಸ್ಸೇನೂ ಆಗಿರಲಿಲ್ಲ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಎಲ್ಲರನ್ನೂ "ಏನಮ್ಮ, ಏನಪ್ಪ" ಎನ್ನುತ್ತಿದ್ದ ಅಷ್ಟೇ. ಸೊಸೆಗೆ ಅಲ್ಲಿ ಕತ್ತರಿ ಎಂದು ಹೆಸರು. ಎಷ್ಟೇ ಉದ್ದದ ಪ್ರೋಗ್ರಾಮ್ ಕೊಡಿ, ಕತ್ತರಿಸಿ ಅರ್ಧ ಮಾಡಿ ಕೊಡುವಳು. ಆ ಹೆಸರು ಕೇಳಿದರೆ ಅವಳಿಗೆ ಒಳಗೊಳಗೇ ಖುಷಿ.

ಯಂತ್ರದ ಕೆಲಸದಲ್ಲಿ ಕಾಯುವುದೇ ಜಾಸ್ತಿ. ಬಾಗಿಲು ಮುಚ್ಚಲಿ ಎಂದು ಕಾಯಬೇಕು, ಬಿಸಿ ಏರಲಿ ಎಂದು ಕಾಯಬೇಕು. ಕಾಯುವಾಗ ಪ್ರೋಗ್ರಾಮ್ ಕೈಕಟ್ಟಿ ಕೂರುವ ಹಾಗಿಲ್ಲ. ಬೇರೆ ಹತ್ತು ಕೆಲಸ ನೋಡಿಕೊಂಡು ಆಮೇಲೆ ವಾಪಸ್ ಬರಬೇಕು. ತಾತನ ಭಾಷೆಯಲ್ಲಿ ಕಾಯುವ ಜಾಗ ಬಂದರೆ ಬರಹ ಅಲ್ಲಿಗೇ ತುಂಡು. ಮುಂದಿನದ್ದನ್ನು ಬೇರೆ ಕಡೆ ಹೊಸ ತುಂಡಾಗಿ ಬರೆದು, "ಬಾಗಿಲು ಮುಚ್ಚಿದ ಮೇಲೆ ಅಲ್ಲಿಗೆ ಹೋಗು" ಎಂದು ಹೇಳಬೇಕು. ಆ ಹೊಸ ತುಂಡಿಗೆ ಹಿಂದೆ ನಡೆದದ್ದು ಏನೇನೂ ಗೊತ್ತಿರುವುದಿಲ್ಲ. ಖಾಲಿ ಕೈಯಲ್ಲಿ ಬಂದು, ಬೇಕಾದ್ದನ್ನೆಲ್ಲ ಮೊದಲಿನಿಂದ ಕೇಳಿಕೊಳ್ಳಬೇಕು. ಹೀಗೆ ಒಂದು ಸಣ್ಣ ಕೆಲಸವೂ ನಾಲ್ಕು ಪುಟಕ್ಕೆ ಚೆಲ್ಲಾಪಿಲ್ಲಿಯಾಗಿ, ಓದುವವರ ತಲೆ ಚಿಟ್ಟು ಹಿಡಿದುಹೋಗುತ್ತಿತ್ತು.

ಅದಕ್ಕೇ ತಾತ ಒಂದು ಆಟ ಕಟ್ಟಿದ್ದ. ಯಾವ ಪ್ರೋಗ್ರಾಮೇ ಆಗಲಿ, ಕಾರ್ಖಾನೆಗೆ ಹೋಗುವ ಮುಂಚೆ ಇಬ್ಬರು ಎದುರುಬದುರು ಕೂರಬೇಕು. ಯಂತ್ರದ ಭಾಗಗಳಿಗೆ, ಮನುಷ್ಯರಿಗೆ ಬದಲಾಗಿ ಮೇಜಿನ ಮೇಲೆ ಲೋಟ, ಪೆನ್ನಿನ ಮುಚ್ಚಳ, ರಬ್ಬರು. ಒಬ್ಬರು ಯಂತ್ರ; ಪ್ರೋಗ್ರಾಮನ್ನು ಸಾಲು ಸಾಲಾಗಿ ಗಟ್ಟಿಯಾಗಿ ಓದಿ, ಓದಿದಂತೆ ಮಾಡುವುದು ಅವರ ಕೆಲಸ. ಇನ್ನೊಬ್ಬರು ಲೋಕ. ಕಾಯುವ ಜಾಗ ಬಂದಾಗಲೆಲ್ಲ ಲೋಕಕ್ಕೆ ಒಂದು ಸರದಿ. ಮೇಜಿನ ಮೇಲಿನ ಯಾವುದನ್ನು ಬೇಕಾದರೂ ಎತ್ತಿ ಎಲ್ಲಿ ಬೇಕಾದರೂ ಇಡಬಹುದು. ಯಂತ್ರ ವಾಪಸ್ ಬಂದಾಗ ಅದು ಅಂದುಕೊಂಡದ್ದೇ ಬೇರೆ, ಮೇಜಿನ ಮೇಲಿರುವುದೇ ಬೇರೆ ಅಂತಾದರೆ ಬರೆದವರು ಎಲ್ಲರಿಗೂ ಚಹಾ ಕೊಡಿಸಬೇಕು. ತಾತ ಲೋಕವಾಗಿ ಕೂತರೆ ಮುಗಿಯಿತು. ತಿರುಗುವ ಗಾಲಿಯ ನಡುವೆಯೇ ಪೆನ್ನಿನ ಮುಚ್ಚಳ ತುರುಕುವನು. "ಇಷ್ಟು ಕಟುಕತನ ಎಲ್ಲಿಂದ ಕಲಿತಿರಿ ತಾತ?" ಎಂದರೆ, "ಲೋಕಕ್ಕೇ ಕರುಣೆ ಇಲ್ವಲ್ಲಮ್ಮ, ನನಗೆಲ್ಲಿಂದ ಬರಬೇಕು?" ಎನ್ನುವನು.

ಈ ಭಾಷೆಗೆ "ತಡಿ" ಎನ್ನುವ ಹೊಸ ಪದ ತಂದವಳು ಕತ್ತರಿ. ಅವಳು ಎರಡು ವರ್ಷ ಹಗಲೂ ಇರುಳೂ ಜೀವ ತೇಯ್ದು ಮಾಡಿದ ಕೆಲಸ. ಇನ್ನು ಮೇಲೆ ಏನನ್ನೂ ತುಂಡು ಮಾಡುವುದು ಬೇಡ, ಕಾಯುವ ಜಾಗದಲ್ಲಿ "ತಡಿ" ಎಂದು ಬರೆದು ಅದರ ಕೆಳಗೇ ಮುಂದಿನ ಸಾಲು ಬರೆದುಕೊಂಡು ಹೋದರಾಯಿತು. ತುಂಡು ಮಾಡಿ ಜೋಡಿಸುವ ರಗಳೆಯನ್ನೆಲ್ಲ ಭಾಷೆಯೇ ಒಳಗೊಳಗೆ ನೋಡಿಕೊಳ್ಳುತ್ತದೆ. ಮೇಲೆ ಕೇಳಿಟ್ಟುಕೊಂಡ ಉತ್ತರ ಕೆಳಗೂ ಕೈಯಲ್ಲೇ ಇರುತ್ತದೆ. ಮೊದಲ ಸಲ ಪರದೆಯ ಮೇಲೆ ತೋರಿಸಿದಾಗ ಹುಡುಗರು ಸಿಳ್ಳೆ ಹೊಡೆದರು.

ತಾತ ಮಾತ್ರ ಕನ್ನಡಕ ಒರೆಸುತ್ತ ಕೂತಿದ್ದ. "ಬರೆಯೋದು ನೆಟ್ಟಗಾಯ್ತು, ಬೇಡ ಅನ್ನಲ್ಲ. ಆದ್ರೆ ಒಂದು ಮಾತಮ್ಮ. ತಡಿ ಅಂದ ಮೇಲೆ, ಅದಕ್ಕೆ ಮುಂಚೆ ಕೇಳಿದ್ದೆಲ್ಲ ಹಳಸಿದ್ದು. ಹಳಸಿದ್ದನ್ನ ಬಡಿಸೋಕೆ ಬಿಡಬಾರದು. ಅದನ್ನ ಮುಟ್ಟೋಕೆ ಹೋದ್ರೆ, ಮತ್ತೆ ಕೇಳ್ಕೋ ಅಂತ ಭಾಷೆನೇ ಬೈಬೇಕು."

"ಅಯ್ಯೋ ತಾತ, ಹೆಜ್ಜೆಹೆಜ್ಜೆಗೂ ಬೈಸ್ಕೊಳ್ಳೋದಾದ್ರೆ ನಾನು ಇಷ್ಟೆಲ್ಲ ಒದ್ದಾಡಿದ್ದು ಯಾವ ಭಾಗ್ಯಕ್ಕೆ? ಬರೆಯೋರೇನು ಮಕ್ಕಳಾ? ಎಲ್ಲಿ ಬೇಕೋ ಅಲ್ಲಿ ಕೇಳ್ಕೋತಾರೆ ಬಿಡಿ."

ಕೈ ಎತ್ತಿಸಿದರು. ತಾತನ ಕಡೆ ಒಂದೇ ಕೈ, ಅದೂ ಅವನದೇ. "ಆಯ್ತಮ್ಮ" ಎಂದು ಎದ್ದುಹೋದ. ಅದರ ಜೊತೆಗೇ ಆಟವೂ ನಿಂತಿತು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ಓದಿದರೆ ಕಥೆ ಓದಿದಷ್ಟು ಸಲೀಸಾಗಿ ಅರ್ಥವಾಗುವಾಗ ಲೋಟ, ಮುಚ್ಚಳ ಹರಡಿಕೊಂಡು ಕೂರಲು ಯಾರಿಗೆ ಪುರಸೊತ್ತು?

ತಡಿ ಎಷ್ಟು ಚೆಂದ ಎಂದು ಊರಿಗೆಲ್ಲ ತೋರಿಸಲು ಒಂದು ಮಾದರಿ ಬೇಕಿತ್ತು. ಕತ್ತರಿ ಆರಿಸಿಕೊಂಡದ್ದು ಗಂಡನ ಕಾರ್ಖಾನೆಯ ಭಟ್ಟಿಯನ್ನು. ಕಬ್ಬಿಣದ ಬೀರುಗಳಿಗೆ ಬಣ್ಣ ಹೊಡೆದು, ಟ್ರಾಲಿಗೆ ನೇತುಹಾಕಿ, ಒಳಗೆ ತಳ್ಳಿ ಬೇಯಿಸುವ ಭಟ್ಟಿ ಅದು. ಒಂದು ಸಂಸಾರ ಇರಬಹುದಾದಷ್ಟು ದೊಡ್ಡದು. ಗುಂಡಿ ಒತ್ತುವವನು ಅವಳ ಗಂಡ, ಟ್ರಾಲಿ ತಳ್ಳುವವನು ಮೈದುನ. ಮೈದುನನಿಗೆ ಇದೆಲ್ಲ ತಮಾಷೆ. "ಅತ್ತಿಗೆ, ನಿಮ್ಮ ಭಟ್ಟಿಗೆ ಸ್ವಲ್ಪ ಮರ್ಯಾದೆ ಕಲಿಸಿ, ನನ್ನ ಕಂಡ್ರೆ ಸಾಕು, ಕೀ ಅಂತ ಕಿರುಚುತ್ತೆ" ಎನ್ನುವನು. ಅವಳು ನಗುವಳು. ಯಾಕೆ ಕಿರುಚುತ್ತದೆ ಎಂದು ಕೇಳಿರಲಿಲ್ಲ. ಭಟ್ಟಿಯ ಹಳೆಯ ಪ್ರೋಗ್ರಾಮೂ ಇವರ ಕಂಪನಿಯದೇ; ಅದು ಅವಳ ಕೈಯಲ್ಲಿ ಅರ್ಧ ಪುಟಕ್ಕಿಳಿದು ಮತ್ತೆ ಭಟ್ಟಿಗೆ ಹೋಯಿತು. ಕಂಪನಿಯ ಯಜಮಾನರು ಅದನ್ನು ಚೌಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದರು.

ಆಮೇಲೆ ಆ ದಿನ ಬಂತು. ಗಂಡ ಗುಂಡಿ ಒತ್ತಿ, ಮುಂದಿನ ಟ್ರಾಲಿಯ ಕಡೆ ತಿರುಗಿದ್ದ. ಫ್ಯಾನಿನ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಬಾಗಿಲು ಎತ್ತಿದಾಗ ಟ್ರಾಲಿಯ ಹಿಂದೆ ಮೈದುನ ಇದ್ದ. ಅದನ್ನು ಹೇಗೆ ಹೇಳುವುದು? ಹೇಳುವುದು ಬೇಡ. ಮುಖವನ್ನು ತಾಯಿಗೆ ತೋರಿಸಲಿಲ್ಲ ಎಂದರೆ ಸಾಕು.

ವಿಚಾರಣೆಗೆ ಬಂದವರು ಎಲ್ಲವನ್ನೂ ಪರೀಕ್ಷೆ ಮಾಡಿದರು. ಒಳಗೆ ಮನುಷ್ಯರಿದ್ದರೆ ಪತ್ತೆ ಹಚ್ಚುವ ಸೆನ್ಸರ್ ಸರಿಯಾಗಿಯೇ ಇತ್ತು. ಪ್ರೋಗ್ರಾಮ್ ಬರೆದದ್ದನ್ನು ಬರೆದ ಹಾಗೇ ಮಾಡಿತ್ತು. ದೀಪ ಕೆಂಪಿದ್ದರೂ ಗುಂಡಿ ಒತ್ತಿದರೆ, ಒತ್ತಿದವನು ಇಣುಕಿ ನೋಡಿರುತ್ತಾನೆಂದು ಭಟ್ಟಿ ಮತ್ತೆ ಕೇಳದೆ ಉರಿಯುತ್ತಿತ್ತು; ಹಾಗಿದ್ದ ಮೇಲೆ ಉಳಿದದ್ದು ಹೆಬ್ಬೆರಳು ಒಂದೇ. ಕತ್ತರಿಯೂ ಅದನ್ನೇ ನಂಬಿದಳು, ಪಾಪಿ. ತನ್ನ ಬರಹವನ್ನು ತೆರೆದು ನೋಡಬೇಕು ಅಂತಲೂ ಅವಳಿಗೆ ಅನ್ನಿಸಲಿಲ್ಲ. ಗೋಡೆಯ ಮೇಲೆ ತೂಗುಹಾಕಿದ್ದನ್ನು ಯಾರಾದರೂ ಅನುಮಾನಿಸುತ್ತಾರೆಯೇ?

ಒಂದು ಸಂಜೆ ಗಂಡ ತಾನಾಗಿಯೇ ಬಾಯಿಬಿಟ್ಟ. ಲೆಕ್ಕ ಒಪ್ಪಿಸುವ ಹುಡುಗನ ಹಾಗಿತ್ತು ಅವನ ದನಿ.

"ಯೋಚನೆ ಮಾಡ್ದೆ ಕಣೆ. ತಪ್ಪು ನಂದೇ. ನಾನು ಒತ್ತಿದ ಮೇಲೆ ಅವನು ನುಗ್ಗಿರೋಕೆ ಸಾಧ್ಯನೇ ಇಲ್ಲ."

"ಯಾಕೆ?"

"ಬಾಗಿಲು ನಿಧಾನಕ್ಕೆ ಇಳಿಯುತ್ತಲ್ಲ, ಬಣ್ಣ ಒಂದಕ್ಕೊಂದು ತಾಗ್ತಿದ್ರೆ ನಾವೆಲ್ಲ ಬಗ್ಗಿ ಒಳಗೆ ನುಗ್ಗಿ ಸರಿಮಾಡ್ತೀವಿ. ಎಲ್ರೂ ಮಾಡ್ತಾರೆ. ಅವನಿಗೆ ಕಲಿಸ್ಕೊಟ್ಟಿದ್ದೇ ನಾನು. ಬಾಗಿಲು ಮುಚ್ಚಿದ ಮೇಲೆ ಭಟ್ಟಿ ಇನ್ನೊಂದ್ಸಲ ನೋಡುತ್ತೆ. ಒಳಗೆ ಯಾರಾದ್ರೂ ಇದ್ರೆ ಕೀ ಅಂತ ಕಿರುಚಿ ಬಾಗಿಲು ಎತ್ತುತ್ತೆ, ನಾವು ನಗಾಡ್ಕೊಂಡು ಈಚೆ ಬರ್ತೀವಿ. ಎಷ್ಟು ಸಲ ಆಗಿದೆ! ಈ ಸಲ ಕಿರುಚಲೇ ಇಲ್ಲ. ಅಂದ್ರೆ ಅವನು ಮೊದ್ಲಿಂದಾನೇ ಒಳಗಿದ್ದ, ದೀಪ ಕೆಂಪಿತ್ತು, ನಾನೇ ನೋಡ್ಲಿಲ್ಲ. ಅಮ್ಮ ಹೇಳೋದು ಸರಿ."

ಕತ್ತರಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಇನ್ನೊಂದು ಸಲ ನೋಡುತ್ತದೆ. ಇನ್ನೊಂದು ಸಲ.

ಬೆಳಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ಗೋಡೆಯ ಚೌಕಟ್ಟಿನ ಮುಂದೆ ನಿಂತು ಓದಿದಳು. ಒಳಗೆ ಯಾರಾದರೂ ಇದ್ದಾರಾ ಕೇಳು. ಇಲ್ಲವಾದರೆ ಬಾಗಿಲು ಇಳಿಸು. ತಡಿ, ಬಾಗಿಲು ಮುಚ್ಚಲಿ. ಯಾರೂ ಇಲ್ಲವಾದ್ದರಿಂದ ಉರಿ ಹಚ್ಚು. ಆಗ ನೆನಪಾಯಿತು. ಹಳೆಯದರಲ್ಲಿ ಆ ಪ್ರಶ್ನೆ ಎರಡು ಕಡೆ ಇತ್ತು. ಎರಡೂ ಬೇರೆ ಬೇರೆ ಪುಟದಲ್ಲಿದ್ದವು. ಬಾಗಿಲು ಮುಚ್ಚಿದ ಮೇಲಿನ ತುಂಡು ಖಾಲಿ ಕೈಯಲ್ಲಿ ಬರುತ್ತಿದ್ದುದರಿಂದ ಮತ್ತೆ ಕೇಳಲೇಬೇಕಿತ್ತು. ತಡಿ ಬಂದು ಎಲ್ಲವೂ ಒಂದರ ಕೆಳಗೊಂದು ಸಾಲಾಗಿ ನಿಂತಾಗ, ಒಂದೇ ಪ್ರಶ್ನೆ ಎರಡು ಸಾಲು ಬಿಟ್ಟು ಮತ್ತೆ ಕಂಡಿತ್ತು. ಯಾರೋ ಮೈಮರೆತು ಎರಡು ಸಲ ಬರೆದಿದ್ದಾರೆ, ಉತ್ತರ ಹೇಗೂ ಕೈಯಲ್ಲೇ ಇದೆಯಲ್ಲ ಎಂದು ಅವಳು ಎರಡನೆಯದನ್ನು ಕತ್ತರಿಸಿ ಎಸೆದಿದ್ದಳು. ಅಂಥ ಸಾಲು ಕತ್ತರಿಸುವುದಕ್ಕೆ ತಾನೇ ಅವಳು ಹೆಸರುವಾಸಿ!

ತಾತ ಬಂದು ಅವಳ ಮುಖ ನೋಡಿದ. ಅವಳ ಮುಂದಿದ್ದ ಚೌಕಟ್ಟನ್ನೂ ನೋಡಿದ. ಲೋಟ ಬೋರಲು ಹಾಕಿ, ಪೆನ್ನಿನ ಮುಚ್ಚಳ ತೆಗೆದು ಎದುರು ಕೂತ. ಅವಳು ಓದಿದಳು. ತಡಿ ಎಂದಾಗ ಅವನು ಲೋಟ ಎತ್ತಿ ಮುಚ್ಚಳವನ್ನು ಅದರಡಿ ಸರಿಸಿದ. ಮುಂದಿನ ಸಾಲು "ಉರಿ ಹಚ್ಚು"; ಅವಳು ಅದನ್ನು ಓದದೆ ಲೋಟದಡಿಯಿಂದ ಮುಚ್ಚಳವನ್ನು ಈಚೆಗೆ ತೆಗೆದಳು.

ನಾನು ಆವತ್ತೇ ಹೇಳಿದ್ದೆ ಎಂದು ಅವನು ಅಂದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಅನ್ನಲಿಲ್ಲ. "ಮೊದ್ಲು ಉಳಿದ ಭಟ್ಟಿಗಳನ್ನ ನಿಲ್ಸಮ್ಮ. ಆಮೇಲೆ ಅಳು" ಎಂದ.

ಅವಳ ಮಾದರಿ ನೋಡಿ ಹಾಗೇ ಬರೆಸಿಕೊಂಡ ಕಾರ್ಖಾನೆಗಳಿಗೆಲ್ಲ ಇಬ್ಬರೂ ಕೂತು ಫೋನು ಮಾಡಿದರು. ಭಟ್ಟಿ ಆರಿಸಿ, ಕಾರಣ ಆಮೇಲೆ ಕೇಳಿ, ಮೊದಲು ಆರಿಸಿ. ಯಜಮಾನರು ಬಂದು ವಿಷಯ ತಿಳಿದು ಅವಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. "ಸದ್ದಿಲ್ಲದೆ ಸರಿಮಾಡಿ ಕಳಿಸು. ವಿಚಾರಣೆ ಮುಗಿದಿದೆ, ಮುಚ್ಚಿದ್ದನ್ನ ನೀನ್ಯಾಕೆ ಕೆದಕ್ತೀಯ? ನಿನಗೆ ತಲೆಗಿಲೆ ಕೆಟ್ಟಿದೆಯಾ?"

"ಕೆಟ್ಟಿದೆ ಸಾರ್" ಎಂದಳು. ಆಗಲೇ ವಿಚಾರಣೆಯವರಿಗೆ ಎಲ್ಲವನ್ನೂ ಬರೆದು ಕಳಿಸಿ ಆಗಿತ್ತು. ಕೈಚೀಲ ಎತ್ತಿಕೊಂಡು ಹೊರಟಳು. ದಾರಿಯುದ್ದಕ್ಕೂ ಬ್ಲೇಡುಗಳು ಒಳಗೆ ಕಿಣಿಕಿಣಿ ಅನ್ನುತ್ತಿದ್ದವು.

ಮನೆಯಲ್ಲಿ ಮಧ್ಯಾಹ್ನದ ಬಿಸಿಲು ಅಡುಗೆಮನೆಯ ಮೇಜಿನ ಮೇಲೆ ಬಿದ್ದಿತ್ತು. ಅತ್ತೆ ಅಲ್ಲಿ ಸುಮ್ಮನೆ ಕೂತಿದ್ದರು. ಗಂಡ ಆಚೆಯ ಕೋಣೆಯ ಕುರ್ಚಿಯಲ್ಲಿ. ಬಾಯಲ್ಲಿ ಹೇಳಲು ಹೋದರೆ ಸೆನ್ಸರ್, ಪ್ರೋಗ್ರಾಮ್ ಎಂದು ತೊದಲಿ ತಾನೇ ನುಣುಚಿಕೊಳ್ಳುತ್ತೇನೆ ಎಂದು ಅವಳಿಗೆ ಭಯವಿತ್ತು. ತನ್ನ ಊಟದ ಡಬ್ಬಿಯನ್ನು ತೊಳೆದು ಒರೆಸಿ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಅದರ ಮುಚ್ಚಳ. ಆಮೇಲೆ ಸಕ್ಕರೆ ಡಬ್ಬಿಯಿಂದ ಆ ಸಣ್ಣ ಚಮಚ ತೆಗೆದಳು. ಮೈದುನ ಬರುತ್ತಾ ಹೋಗುತ್ತಾ ಒಂದೊಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದು ಅದರಲ್ಲೇ. ಅತ್ತೆ ಅದನ್ನು ನೋಡಿದ್ದೇ ನೆಟ್ಟಗೆ ಕೂತರು.

"ಅತ್ತೆ, ಇದು ಭಟ್ಟಿ. ಇದು ಬಾಗಿಲು. ಇದು..."

"ಗೊತ್ತಾಯ್ತು" ಎಂದರು ಅತ್ತೆ. "ಯಾಕೆ ಇದೆಲ್ಲ?"

"ನಾನು ಯಂತ್ರ ಆಗ್ತೀನಿ. ಬರೆದಿರೋದನ್ನ ಓದ್ತೀನಿ, ಓದಿದ ಹಾಗೆ ಮಾಡ್ತೀನಿ. ತಡಿ ಅಂತ ಬಂದಾಗ ನಾನು ನಿಲ್ತೀನಿ. ಆಗ ನಿಮ್ಮ ಸರದಿ. ನೀವು ಏನು ಬೇಕಾದ್ರೂ ಮಾಡಬಹುದು."

ಅವಳು ಓದತೊಡಗಿದಳು. ಒಳಗೆ ಯಾರಾದರೂ ಇದ್ದಾರಾ? ಡಬ್ಬಿಯೊಳಗೆ ಬಗ್ಗಿ ನೋಡಿ, ಇಲ್ಲ, ಎಂದಳು. "ಈಗ ಹಸಿರು ದೀಪ ಹತ್ತುತ್ತೆ ಅತ್ತೆ. ಅವರು ನೋಡಿದ್ದು ಇದನ್ನೇ. ಸರಿಯಾಗೇ ನೋಡಿದ್ರು. ನೋಡಿ ಗುಂಡಿ ಒತ್ತಿದ್ರು." ಮುಚ್ಚಳವನ್ನು ಮೆಲ್ಲಗೆ ಇಳಿಸುತ್ತ ಅರ್ಧದಲ್ಲಿ ಕೈ ನಿಲ್ಲಿಸಿದಳು. "ತಡಿ."

ಅತ್ತೆ ಚಮಚವನ್ನೇ ನೋಡುತ್ತ ಕೂತರು. ಆಮೇಲೆ ಎರಡು ಬೆರಳಲ್ಲಿ ಅದನ್ನೆತ್ತಿ, ಮುಚ್ಚಳದಡಿಯ ಸಂದಿಯಲ್ಲಿ ತೂರಿಸಿ ಡಬ್ಬಿಯೊಳಗಿಟ್ಟರು. ಹಿಂದಿನ ಮೂಲೆಗೆ. ಅವನು ಹಾಗೆ ನುಗ್ಗುವವನೇ ಎಂದು ಹೆತ್ತವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸೊಸೆ ಮುಚ್ಚಳ ಹಾಕಿದಳು. "ಉರಿ ಹಚ್ಚು" ಎಂದಳು.

"ಏ, ನಿಲ್ಲು! ನಿನ್ನ ಯಂತ್ರ ಮತ್ತೆ ಕೇಳಲ್ವಾ? ಬಾಗಿಲು ಹಾಕಿದ ಮೇಲೆ ಒಳಗೆ ಯಾರಿದ್ದಾರೆ ಅಂತ ಕೇಳಲ್ವಾ?"

"ಮುಂಚೆ ಕೇಳ್ತಿತ್ತು ಅತ್ತೆ. ಅದಕ್ಕೇ ಅವನು ಧೈರ್ಯವಾಗಿ ನುಗ್ಗಿದ್ದು. ಎರಡೆರಡು ಸಲ ಯಾಕೆ ಅಂತ ನಾನು ತೆಗೆದುಬಿಟ್ಟೆ. ನಾನೇ ತೆಗೆದೆ. ಅವರದೇನೂ ತಪ್ಪಿಲ್ಲ."

ಆಚೆ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಗಂಡ ಬಾಗಿಲಲ್ಲಿ ಬಂದು ನಿಂತಿದ್ದ. "ಹಸಿರೇ ಇತ್ತಾ?" ಎಂದ, ಎಳೆ ಮಗುವಿನ ದನಿಯಲ್ಲಿ. "ಹಾಗಾದ್ರೆ ಹಸಿರೇ ಇತ್ತು." ಆಮೇಲೆ ಅವನ ಕಣ್ಣು ಹೆಂಡತಿಯ ಮೇಲೆ ಬಿತ್ತು. ಮುಖದಲ್ಲಿ ಆಗತಾನೇ ಬಂದಿದ್ದ ಜೀವ ಹಾಗೇ ಇಂಗಿಹೋಯಿತು.

ಅತ್ತೆ ಆ ಕಡೆ ತಿರುಗಿದರು. ತಿಂಗಳ ಮೇಲೆ ಮೊದಲ ಸಲ ಹಿರಿಮಗನ ಮುಖ ನೋಡಿದರು. "ಬಾ ಇಲ್ಲಿ, ಕೂತ್ಕೋ" ಎಂದರು. ಅವನು ಬಂದು ಪಕ್ಕದಲ್ಲಿ ಕೂತ. ಅವರು ಅವನ ಬಲಗೈಯನ್ನು ಎಳೆದು, ಆ ಹೆಬ್ಬೆರಳನ್ನು ತಮ್ಮ ಅಂಗೈಯೊಳಗೆ ಮುಚ್ಚಿಕೊಂಡರು.

ಸೊಸೆ ಮುಚ್ಚಳ ತೆಗೆದು ಚಮಚ ಈಚೆಗಿಟ್ಟು ಏಳಲು ಹೋದಳು. ಇನ್ನು ಈ ಮನೆಯಲ್ಲಿ ತನಗೇನಿದೆ?

"ಎಲ್ಲಿಗೆ? ಕೂತ್ಕೋ. ನಿನ್ನ ಮೇಲೆ ಬರೋ ಸಿಟ್ಟು ಆಮೇಲೆ ಬರುತ್ತೆ, ಎಲ್ಲಿಗೂ ಓಡಿಹೋಗಲ್ಲ. ಇನ್ನೊಂದ್ಸಲ ಓದು."

"ಅತ್ತೆ..."

"ಓದು ಅಂದೆ."

ಅವಳು ಮೊದಲಿನಿಂದ ಓದಿದಳು. ಒಳಗೆ ಯಾರಾದರೂ ಇದ್ದಾರಾ? ಇಲ್ಲ. ಬಾಗಿಲು ಇಳಿಸು. ತಡಿ.

ಅತ್ತೆ ಚಮಚವನ್ನು ಎತ್ತಿ, ಬಿಡುವಾಗಿದ್ದ ಕೈಯ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಡಬ್ಬಿಯ ಹತ್ತಿರಕ್ಕೂ ಒಯ್ಯಲಿಲ್ಲ. "ಏನು ಬೇಕಾದ್ರೂ ಮಾಡಬಹುದು ಅಂದ್ಯಲ್ಲ. ನಂದಾಯ್ತು. ಮುಂದೆ ಓದು."

"ಉರಿ ಹಚ್ಚು" ಎಂದಳು ಅವಳು. ಮುಚ್ಚಳ ಖಾಲಿ ಡಬ್ಬಿಯ ಮೇಲೆ ಕೂತಿತು. ಅತ್ತೆ ಉಸಿರು ಬಿಟ್ಟರು.

"ಇನ್ನೊಂದ್ಸಲ."

ಬಿಸಿಲು ಮೇಜಿನಿಂದ ನೆಲಕ್ಕಿಳಿಯಿತು, ನೆಲದಿಂದ ಗೋಡೆಗೆ ಹತ್ತಿತು. ಅವಳ ಗಂಟಲು ಒಡೆದುಹೋಗಿತ್ತು. ಗಂಡ ತಾಯಿಯ ಭುಜಕ್ಕೆ ಹಣೆ ಒತ್ತಿ ಅಳುತ್ತಿದ್ದ. ಪ್ರತಿಸಲವೂ ತಡಿ ಬರುತ್ತಿತ್ತು, ಪ್ರತಿಸಲವೂ ಚಮಚ ಮುಷ್ಟಿಯೊಳಗೇ ಉಳಿಯುತ್ತಿತ್ತು. ಅತ್ತೆ ಸಾಕು ಎನ್ನಲಿಲ್ಲ. ಅವಳು ಓದುತ್ತಲೇ ಇದ್ದಳು.